ಗಾಜಿನ ಮೇಲಿನ ಗೆರೆ

ನಿವೃತ್ತನಾದ ಉಪಾಧ್ಯಾಯನಿಗೆ ಮನೆಯವರು ಒಪ್ಪಿಸುವ ಕೆಲಸಗಳಲ್ಲಿ ಎರಡು ಬಗೆಯುಂಟು: ಮಾಡಿದರೆ ಉಪಕಾರವಾಗುವಂಥವು ಒಂದು, ಮಾಡದಿದ್ದರೂ ಅಪಕಾರವಾಗದಂಥವು ಇನ್ನೊಂದು. ನಾಲ್ಕು ತಿಂಗಳು ಇದ್ದು ಬರೋಣವೆಂದು ಬೆಂಗಳೂರಿನ ಮಗಳ ಮನೆಗೆ ಹೋದಾಗ ನನ್ನ ಪಾಲಿಗೆ ಬಂದದ್ದು ಎರಡನೆಯ ಬಗೆಯ ಕೆಲಸ. ಮನೆ ಇದ್ದುದು ಐದನೆಯ ಅಂತಸ್ತಿನಲ್ಲಿ. ನಡುಮನೆಯ ಒಂದು ಕಡೆಗೆ ಗೋಡೆಯೇ ಇಲ್ಲವೇನೋ ಎನ್ನಿಸುವಷ್ಟು ಅಗಲವಾದ ಗಾಜಿನ ಕಿಟಕಿ. “ಅಪ್ಪಾ, ಸುಮ್ಮನೆ ಕುಳಿತಿರಲು ನಿಮಗೂ ಬೇಸರ, ಆ ಗಾಜನ್ನಾದರೂ ಒರೆಸಿ” ಎಂದಳು ಮಗಳು. ಮೂವತ್ತೈದು ವರ್ಷ ಕರಿಹಲಗೆ ಒರೆಸಿದವನಿಗೆ ಗಾಜು ಒರೆಸುವುದು ಏನು ಮಹಾ ಎಂದುಕೊಂಡು ನಾನೂ ಒಪ್ಪಿಬಿಟ್ಟೆ.

ಕರಿಹಲಗೆಗೂ ಗಾಜಿಗೂ ಇರುವ ಅಂತರ ನನಗೆ ತಿಳಿದದ್ದು ಮರುದಿನ ಬೆಳಗ್ಗೆ. ಕರಿಹಲಗೆಯನ್ನು ಅರೆಬರೆ ಒರೆಸಿದರೂ ಅದು ಗುಟ್ಟು ಬಿಟ್ಟುಕೊಡುವುದಿಲ್ಲ. ಹಿಂದಿನ ಪಾಠದ ಮೇಲೆ ಮುಂದಿನ ಪಾಠವನ್ನು ಬರೆಸಿಕೊಂಡು ಸುಮ್ಮನಿರುತ್ತದೆ. ಗಾಜು ಹಾಗಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದೊಡನೆ ಹಿಂದಿನ ದಿನ ನಾನು ಒದ್ದೆ ಬಟ್ಟೆಯಿಂದಲೂ ಹಳೆಯ ಪತ್ರಿಕೆಯಿಂದಲೂ ಉಜ್ಜಿದ ಗುರುತೆಲ್ಲ ಎದ್ದು ನಿಂತಿತು. ಸುತ್ತು ಸುತ್ತಾದ ಬಿಳಿಯ ಕಲೆಗಳು, ಬೆರಳಿನ ಅಚ್ಚುಗಳು. ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ನೀರು ಗಾಜಿನ ಮೇಲೆಯೇ ಆರಿದರೆ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಬಟ್ಟೆಯಿಂದ ಒರೆಸುವುದೆಂದರೆ ನೀರನ್ನು ಅಲ್ಲಿಂದ ಇಲ್ಲಿಗೆ ಹರಡಿ ಆರಲು ಬಿಡುವುದೇ ಹೊರತು ಅದನ್ನು ಗಾಜಿನಿಂದ ಇಳಿಸಿದಂತಾಗುವುದಿಲ್ಲ.

ಇದನ್ನು ಕಂಡ ಮಗಳು ಸಂಜೆ ಬರುವಾಗ ಒಂದು ಉಪಕರಣವನ್ನು ತಂದಳು. ಅದಕ್ಕೆ ‘ಸ್ಕ್ವೀಜಿ’ ಎಂದು ಹೆಸರಂತೆ. ಕೆಲವರು ಗಾಜಿನ ವೈಪರ್ ಎನ್ನುವುದೂ ಉಂಟು. ನನಗೆ ಮಾತ್ರ ಅದನ್ನು ನೋಡಿದೊಡನೆ ನೆನಪಾದದ್ದು ಕಣದಲ್ಲಿ ರಾಗಿಯನ್ನು ಗೋರುವ ಹಲಗೆ. ಆಕಾರವೂ ಅದೇ, ಕೆಲಸವೂ ಹೆಚ್ಚುಕಡಿಮೆ ಅದೇ. ಇದು ಕಾಳನ್ನು ಗೋರುವ ಬದಲು ನೀರನ್ನು ಗೋರುತ್ತದೆ, ಅಷ್ಟೆ. ಅದರಲ್ಲಿ ಮೂರೇ ಅಂಗಗಳು: ಒಂದು ಹಿಡಿ, ಹಿಡಿಗೆ ಅಡ್ಡಲಾಗಿ ಉದ್ದನೆಯ ಲೋಹದ ಪಟ್ಟಿ, ಆ ಪಟ್ಟಿಯ ಗಾಡಿಯೊಳಗೆ ಸಿಕ್ಕಿಸಿದ ರಬ್ಬರು. ಈ ಲೋಹದ ಪಟ್ಟಿಗೆ ಕೆಲಸಗಾರರು ‘ಚಾನಲ್ಲು’ ಎನ್ನುತ್ತಾರೆ. ನನ್ನ ಕಥೆಯೆಲ್ಲ ಇರುವುದು ಈ ಚಾನಲ್ಲಿನಲ್ಲಿಯೇ.

ಇಷ್ಟು ಸರಳವಾದ ವಸ್ತುವಿಗೂ ಒಂದು ಇತಿಹಾಸವುಂಟು. ಅಮೆರಿಕದಲ್ಲಿ ಮೊದಲು ಬಳಕೆಯಲ್ಲಿದ್ದದ್ದು ‘ಶಿಕಾಗೊ ಸ್ಕ್ವೀಜಿ’ ಎಂಬ ಭಾರವಾದ ಉಕ್ಕಿನ ಸಲಕರಣೆ. ಅದಕ್ಕೆ ಎರಡು ರಬ್ಬರುಗಳು. ಅವು ಸವೆದಾಗ ಬದಲಿಸಬೇಕಾದರೆ ಹನ್ನೆರಡು ತಿರುಪುಗಳನ್ನು ಬಿಚ್ಚಬೇಕಾಗಿತ್ತು. ಇಟಲಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯದ ಓಕ್‌ಲೆಂಡ್ ನಗರದಲ್ಲಿ ಕಿಟಕಿ ಒರೆಸಿ ಬದುಕುತ್ತಿದ್ದ ಎಟ್ಟೋರೆ ಸ್ಟೆಕೋನೆ ಎಂಬಾತ 1930ರ ದಶಕದಲ್ಲಿ ಹಗುರವಾದ ಹಿತ್ತಾಳೆಯ ಚಾನಲ್ಲಿಗೆ ಒಂದೇ ಒಂದು ತೆಳುವಾದ ರಬ್ಬರನ್ನು ಕೂಡಿಸಿ ಹೊಸದೊಂದನ್ನು ಮಾಡಿದ. ಇಂದು ಜಗತ್ತಿನಲ್ಲೆಲ್ಲ ಕಾಣುವುದು ಅದರ ಸಂತಾನವೇ. ದೊಡ್ಡ ವಿಜ್ಞಾನಿಯಲ್ಲ, ಕಾರ್ಖಾನೆಯ ಒಡೆಯನೂ ಅಲ್ಲ. ದಿನವೂ ಗಾಜು ಒರೆಸಿ ಕೈ ನೋಯಿಸಿಕೊಂಡವನೊಬ್ಬ ಅದನ್ನು ಮಾಡಿದನೆಂಬುದನ್ನು ಓದುಗರು ಗಮನದಲ್ಲಿಡಬೇಕು.

ನನ್ನ ಪ್ರಯೋಗ ಆರಂಭವಾಯಿತು. ಬಕೆಟ್ಟಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ. ಸಾಬೂನು ಕೊಳೆಯನ್ನು ಸಡಿಲಿಸುವುದಲ್ಲದೆ ರಬ್ಬರು ಗಾಜಿನ ಮೇಲೆ ಜಾರುವುದಕ್ಕೂ ಬೇಕು. ಗಾಜನ್ನು ನೆನೆಸಿ, ಒಂದು ಅಂಚನ್ನು ಬಟ್ಟೆಯಿಂದ ಒಣಗಿಸಿಕೊಂಡು, ಒಣಗಿದ ಕಡೆಯಿಂದ ರಬ್ಬರನ್ನು ಎಳೆದೆ. ಆಹಾ, ಆ ಸೊಗಸನ್ನು ಏನೆಂದು ಹೇಳಲಿ! ಪರದೆ ಸರಿದ ಹಾಗೆ ನೀರು ಸರಿಯಿತು; ಕಿಟಕಿಯಾಚೆಯ ಮಳೆಮರ ಎಲೆ ಎಲೆಯಾಗಿ ಕಂಡಿತು. ಅದೇ ಉತ್ಸಾಹದಲ್ಲಿ ಎರಡನೆಯ ಸಲ ಎಳೆದೆ, ಮೂರನೆಯ ಸಲ ಎಳೆದೆ. ಹಿಂದೆ ಸರಿದು ನಿಂತು ನೋಡಿದರೆ ಪ್ರತಿಯೊಂದು ಎಳೆತದ ಎರಡು ಪಕ್ಕಗಳಲ್ಲಿಯೂ ಒಂದೊಂದು ಗೆರೆ. ತೆಳ್ಳನೆಯ, ನೆಟ್ಟನೆಯ ನೀರಿನ ಗೆರೆ. ಮಗ್ಗಿಯ ಪುಸ್ತಕಕ್ಕೆ ಅಂಚು ಎಳೆದ ಹಾಗೆ. ಅದನ್ನು ಅಳಿಸಲು ಮತ್ತೆ ಎಳೆದರೆ ಹಳೆಯ ಗೆರೆ ಹೋಗಿ ಅದರ ಪಕ್ಕದಲ್ಲಿ ಹೊಸದೊಂದು ಹುಟ್ಟಿತು.

ಉಪಾಧ್ಯಾಯನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಅಭ್ಯಾಸ ಸಾಲದು ಎಂದುಕೊಂಡೆ. ಕೈ ನಡುಗುತ್ತಿದೆ, ಒತ್ತಡ ಸಮನಾಗಿಲ್ಲ, ವಯಸ್ಸಾಯಿತು ಎಂದುಕೊಂಡೆ. ಮಕ್ಕಳಿಗೆ ಕಾಪಿ ಬರೆಸುತ್ತಿದ್ದ ಹಾಗೆ ನನಗೆ ನಾನೇ ದಿನಕ್ಕೆ ಮೂವತ್ತು ಎಳೆತಗಳ ಶಿಕ್ಷೆ ವಿಧಿಸಿಕೊಂಡೆ. ಹತ್ತು ದಿನ ಕಳೆಯಿತು. ಮಣಿಕಟ್ಟು ಊದಿಕೊಂಡಿತು, ಗೆರೆ ಮಾತ್ರ ಕದಲಲಿಲ್ಲ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಕಿಟಕಿಯ ಹೊರಗಡೆ, ನೆಲದಿಂದ ಐದು ಅಂತಸ್ತು ಮೇಲೆ, ಮನುಷ್ಯನೊಬ್ಬನ ಎರಡು ಕಾಲುಗಳು ಇಳಿದು ಬಂದವು. ಕಾಲುಗಳ ಹಿಂದೆಯೇ ಉಳಿದ ದೇಹವೂ ಬಂತು. ಕಟ್ಟಡದ ಹೊರಮೈಯನ್ನು ವರ್ಷಕ್ಕೊಮ್ಮೆ ತೊಳೆಯಿಸುವ ಕ್ರಮವಿದೆಯೆಂದು ಮಗಳು ಹೇಳಿದ್ದಳು. ಹೀಗೆ ಹಗ್ಗದಲ್ಲಿ ತೂಗುತ್ತ ತೊಳೆಯುತ್ತಾರೆಂದು ನಾನು ಊಹಿಸಿರಲಿಲ್ಲ. ಒಂದು ಸಣ್ಣ ಮಣೆಯ ಮೇಲೆ ಕುಳಿತಿದ್ದ ಆ ಯುವಕ ನನ್ನನ್ನು ಕಂಡು ನಕ್ಕ. ಸೊಂಟಕ್ಕೆ ಕಟ್ಟಿದ್ದ ಬಕೆಟ್ಟಿನಿಂದ ಗಾಜನ್ನು ನೆನೆಸಿದ. ದಾರದಿಂದ ಕೈಗೆ ಕಟ್ಟಿಕೊಂಡಿದ್ದ ಸ್ಕ್ವೀಜಿಯನ್ನು ಹಾವು ಹರಿದಂತೆ ಅತ್ತಿಂದಿತ್ತ, ಇತ್ತಿಂದತ್ತ ಹಾಯಿಸಿದ. ಗಾಜಿನಿಂದ ಕೈಯನ್ನು ಒಮ್ಮೆಯೂ ಎತ್ತಲಿಲ್ಲ. ಅರ್ಧ ನಿಮಿಷವೂ ಆಗಿರಲಾರದು, ಅಷ್ಟು ಅಗಲದ ಗಾಜು ಇದ್ದೂ ಇಲ್ಲದಂತಾಯಿತು. ನಾನು ಗಾಜಿಗೆ ಮೂಗು ತಾಗಿಸಿ ಹುಡುಕಿದೆ. ಒಂದೇ ಒಂದು ಗೆರೆ ಇರಲಿಲ್ಲ. ನನ್ನ ಹುಡುಕಾಟವನ್ನು ಕಂಡು ಅವನು ಮತ್ತೊಮ್ಮೆ ನಕ್ಕು, ಹಗ್ಗ ಸಡಿಲಿಸಿಕೊಂಡು ನಾಲ್ಕನೆಯ ಅಂತಸ್ತಿಗೆ ಇಳಿದುಹೋದ.

ಮಧ್ಯಾಹ್ನ ನನ್ನ ಸ್ಕ್ವೀಜಿಯನ್ನು ಹಿಡಿದು ಕೆಳಗೆ ಹೋದೆ. ವಾಹನ ನಿಲ್ಲಿಸುವ ಜಾಗದ ಒಂದು ಮೂಲೆಯಲ್ಲಿ ನಾಲ್ಕು ಮಂದಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕುಳಿತಿದ್ದರು. ಲಿಂಗಸುಗೂರಿನ ಕಡೆಯವರು. ನಾನು ಮೇಷ್ಟರಾಗಿದ್ದವನೆಂದು ತಿಳಿದೊಡನೆ ಆ ಯುವಕ ಎದ್ದು ನಿಂತು, “ಕುಂದರ್ರಿ ಮಾಸ್ತರ, ಒಂದು ರೊಟ್ಟಿ ತಿನ್ನರಿ” ಎಂದ. ರೊಟ್ಟಿಯನ್ನು ತಿಂದೇ ನನ್ನ ಸಂಕಟವನ್ನು ಹೇಳಿಕೊಂಡೆ. ಅವನು ನನ್ನ ಉಪಕರಣವನ್ನು ತೆಗೆದುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿ ರೀಪನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದ.

“ತಪ್ಪು ನಿಮ್ಮ ಕೈದಲ್ಲರಿ ಮಾಸ್ತರ. ಈ ಚಾನಲ್ಲಿಂದು.”

“ಏಕಪ್ಪಾ? ಹೊಚ್ಚ ಹೊಸದು. ನೆಟ್ಟಗಿದೆಯಲ್ಲ!”

“ಅದಽ ನೋಡ್ರಿ. ನೆಟ್ಟಗೈತಿ, ಅದಕ್ಕಽ ಗೆರಿ ಬೀಳತೈತಿ.”

ಮೂವತ್ತೈದು ವರ್ಷ ಅಡಿಕೋಲು ಹಿಡಿದು ನೆಟ್ಟಗಿರುವುದೇ ಸರಿಯೆಂದು ಪಾಠ ಹೇಳಿದವನಿಗೆ ಈ ಮಾತು ವಿಚಿತ್ರವಾಗಿ ಕೇಳಿಸಿತು. ಅವನು ಹೆಚ್ಚು ಮಾತನಾಡಲಿಲ್ಲ. ಹತ್ತಿರದಲ್ಲಿಯೇ ಇದ್ದ ಕಾವಲುಗಾರನ ಕೋಣೆಯ ಗಾಜಿನ ಮೇಲೆ ನನ್ನ ಸ್ಕ್ವೀಜಿಯನ್ನು ಒತ್ತಿ ಹಿಡಿಯಲು ಹೇಳಿದ. ಜೇಬಿನಿಂದ ಹಳೆಯ ಬಸ್ ಟಿಕೇಟೊಂದನ್ನು ತೆಗೆದು ರಬ್ಬರಿನ ನಡುವೆ ಸಿಕ್ಕಿಸಿ ಎಳೆದ. ಅದು ಹರಿಯಿತೇ ಹೊರತು ಬರಲಿಲ್ಲ. ಇನ್ನೊಂದನ್ನು ರಬ್ಬರಿನ ತುದಿಗೆ ಸಿಕ್ಕಿಸಿ ಎಳೆದ. ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂದುಬಿಟ್ಟಿತು. ನನಗೆ ಅಷ್ಟೇ ಸಾಕಾಯಿತು. ಹಿಡಿ ಇರುವುದು ನಡುವಿನಲ್ಲಿ. ಕೈಯ ಭಾರವೆಲ್ಲ ಬೀಳುವುದು ಅಲ್ಲಿ. ನಡುವಿಗೆ ಒತ್ತು ಬಿದ್ದಾಗ ಉದ್ದನೆಯ ಚಾನಲ್ಲಿನ ತುದಿಗಳು ಕಣ್ಣಿಗೆ ಕಾಣದಷ್ಟು ಹಿಂದಕ್ಕೆ ಬಾಗುತ್ತವೆ. ಅಲ್ಲಿ ರಬ್ಬರು ಗಾಜನ್ನು ಮುಟ್ಟುತ್ತದೆ, ಆದರೆ ಒತ್ತುವುದಿಲ್ಲ. ಆ ಸಂದಿನಲ್ಲಿ ನುಸುಳಿಕೊಂಡ ನೀರೇ ನನ್ನ ಗೆರೆ. ಅಂಗಡಿಯಲ್ಲಿ ನೆಟ್ಟಗಿದ್ದ ಚಾನಲ್ಲು ಕೆಲಸದಲ್ಲಿ ಡೊಂಕಾಗುತ್ತಿತ್ತು. ಆದ್ದರಿಂದ ಅದನ್ನು ಮೊದಲೇ ಎದುರು ದಿಕ್ಕಿಗೆ ಒಂದಿಷ್ಟೇ ಇಷ್ಟು ಡೊಂಕು ಮಾಡಿಟ್ಟರೆ ಕೆಲಸದ ಹೊತ್ತಿಗೆ ನೆಟ್ಟಗಾಗುತ್ತದೆ.

ಅವನು ತನ್ನ ಚೀಲವನ್ನು ಬಿಚ್ಚಿ ತೋರಿಸಿದ. ಅದರಲ್ಲಿ ಬೇರೆ ಬೇರೆ ಉದ್ದದ ಐದಾರು ಚಾನಲ್ಲುಗಳು, ಒಂದು ಹ್ಯಾಕ್ಸಾ ಬ್ಲೇಡು, ಒಂದು ಚಪ್ಪಟೆ ಅರ, ಸವೆದ ಉಪ್ಪುಕಾಗದ. ಒಂದೊಂದು ಚಾನಲ್ಲೂ ಒಂದೊಂದು ತಿದ್ದುಪಡಿ ಪಡೆದಿತ್ತು. ಎಲ್ಲದರ ತುದಿಗಳೂ ಗಾಜಿನ ಕಡೆಗೆ ತುಸು ಬಾಗಿದ್ದವು. ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದ. ಏಕೆಂದರೆ ಚೌಕವಾದ ಲೋಹದ ಮೂಲೆ ಕಿಟಕಿಯ ಚೌಕಟ್ಟಿಗೆ ತಾಗಿ ರಬ್ಬರನ್ನು ಅಂಚಿನವರೆಗೆ ಹೋಗಗೊಡುವುದಿಲ್ಲ. ಮೂಲೆ ಓರೆಯಾಗಿದ್ದರೆ ಹಿಡಿಯನ್ನು ವಾಲಿಸಿ ಸಂದಿಯೊಳಗೂ ನುಗ್ಗಿಸಬಹುದು. ಕತ್ತರಿಸಿದ ಬಾಯಿಯನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನಯ ಮಾಡಿದ್ದ. ಮೊನಚು ಉಳಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ, ನೀರಿನ ಗೆರೆಯನ್ನು ಅಳಿಸಬಹುದು, ಆ ಗೀರನ್ನು ಅಳಿಸಲಾಗದು. ರಬ್ಬರು ಮಾತ್ರ ಎರಡು ತುದಿಗಳಲ್ಲಿಯೂ ಲೋಹಕ್ಕಿಂತ ಒಂದೊಂದು ನೂಲು ಹೊರಗೆ ಚಾಚಿರಬೇಕು. ನೂಲೆಂದರೆ ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೆಯ ಒಂದು ಪಾಲು. ಹೆಚ್ಚು ಚಾಚಿದರೆ ತುದಿ ಮಡಚಿಕೊಳ್ಳುತ್ತದೆ. ಗಾಡಿಯೊಳಗೆ ರಬ್ಬರನ್ನು ಬಿಗಿಯಾಗಿ ಅಮುಕಿದರೆ ಅಲೆ ಅಲೆಯಾಗಿ ಉಬ್ಬಿ ನಡುವೆಯೂ ಗೆರೆ ಬಿಡುತ್ತದೆ. ರಬ್ಬರಿನ ಒಂದು ಅಂಚು ಸವೆದರೆ ಮಗುಚಿ ಹಾಕಿಕೊಳ್ಳಬೇಕು. ಇವೆಲ್ಲವನ್ನೂ ಅವನಿಗೆ ಯಾರೂ ಕಲಿಸಿರಲಿಲ್ಲ.

“ಎಷ್ಟು ಬಾಗಿಸಬೇಕು? ಅಳತೆ ಏನು?” ಎಂದು ಕೇಳಿದೆ.

“ಅಳತಿ ಏನಿಲ್ಲರಿ, ಕೈಗೆ ತಿಳೀತೈತಿ” ಎಂದ.

ನನ್ನ ಕೈಗೆ ತಿಳಿಯಲಿಲ್ಲ. ಅಂದು ಸಂಜೆಯೇ ನನ್ನ ಅಲ್ಯುಮಿನಿಯಮ್ ಚಾನಲ್ಲನ್ನು ಮೊಣಕಾಲಿಗೆ ಕೊಟ್ಟು ಬಾಗಿಸಿದೆ. ಜನಕನ ಆಸ್ಥಾನದಲ್ಲಿ ರಾಮನು ಬಿಲ್ಲನ್ನು ಬಾಗಿಸಿದ್ದು ಎಷ್ಟು ಸುಲಭವಾಗಿಯೋ, ಇದೂ ಅಷ್ಟೇ ಸುಲಭವಾಗಿ ಬಾಗಿತು; ಅಳತೆ ಮೀರಿಯೇ ಬಾಗಿತು. ಗಾಜಿನ ಮೇಲೆ ಎಳೆದರೆ ಈಗ ಎರಡು ತುದಿಗಳೂ ಚೆನ್ನಾಗಿ ಒರೆಸುತ್ತಿದ್ದವು, ನಡುವೆ ನಾಲ್ಕು ಬೆರಳಗಲದ ನೀರಿನ ಪಟ್ಟೆ! ತಿರುಗಿ ನೆಟ್ಟಗೆ ಮಾಡಲು ಹೋದಾಗ ಅದು ಎರಡು ಕಡೆ ಸುಕ್ಕುಗಟ್ಟಿ ಕೆಲಸಕ್ಕೆ ಬಾರದಾಯಿತು. ಮಗಳು ಏನೂ ಅನ್ನಲಿಲ್ಲ. ಸುಮ್ಮನಿರುವುದರಲ್ಲಿ ಅವಳು ತಾಯಿಯನ್ನು ಹೋಲುತ್ತಾಳೆ.

ಮರುದಿನ ಆ ಅವಶೇಷವನ್ನು ಹಿಡಿದು ಮತ್ತೆ ಕೆಳಗೆ ಹೋದೆ. ಅದನ್ನು ನೋಡಿ ನಾಲ್ವರೂ ನಕ್ಕರು; ಅವರೊಂದಿಗೆ ನಾನೂ ನಕ್ಕೆ. ಮಾತು ಬೆಳೆಯಿತು. ಇಷ್ಟೆಲ್ಲ ತಿದ್ದುವ ತಾಪತ್ರಯವೇಕೆ, ಉಳಿದ ಗೆರೆಯನ್ನು ಬಟ್ಟೆಯಿಂದ ಒರೆಸಿಬಿಟ್ಟರಾಗದೆ ಎಂದು ಕೇಳಿದೆ. ಅವನು ಮೇಲಕ್ಕೆ ಕೈ ತೋರಿಸಿದ. ತಾರಸಿಯಿಂದ ಎರಡು ಹಗ್ಗಗಳು ಇಳಿಬಿದ್ದಿದ್ದವು.

“ಒಂದು ಹಗ್ಗ ಕುಂದ್ರಾಕರಿ, ಇನ್ನೊಂದು ಜೀವಕ್ಕ. ಇಳಿದ ಮ್ಯಾಲ ಕೆಳಗ ನಿಂತ ಸೂಪರ್‌ವೈಸರು ‘ಆರನೇ ಅಂತಸ್ತಿನ್ಯಾಗ ಗೆರಿ ಐತಿ’ ಅಂದ್ರ ಮತ್ತ ಮ್ಯಾಲ ಹತ್ತಬೇಕು, ಮತ್ತ ಕಟ್ಟಬೇಕು, ಮತ್ತ ಇಳೀಬೇಕು. ಒಂದು ಗೆರಿಗೆ ಒಂದು ಸಲ ಜೀವ ತೂಗಬೇಕರಿ.”

ನಾನು ಸೋಫಾದ ಮೇಲೆ ಕುಳಿತು ಗೊಣಗಿದ ಗೆರೆಗೂ ಅವನ ಗೆರೆಗೂ ಬೆಲೆ ಒಂದೇ ಆಗಿರಲಿಲ್ಲ. ಇನ್ನೊಂದು ವಿಷಯವನ್ನೂ ಅವನೇ ಹೇಳಿದ. ಈ ಚಾನಲ್ಲುಗಳು ಅವನ ಸ್ವಂತದವು. ಕೂಲಿಯ ಹಣದಿಂದ ಕೊಂಡವು. ಕೆಲಸ ಕೊಟ್ಟವರು ಒದಗಿಸಿದ ಚಾನಲ್ಲನ್ನು ಒಮ್ಮೆ ಕತ್ತರಿಸಿ ತಿದ್ದಿದ್ದಕ್ಕೆ, “ಸಾಮಾನು ಹಾಳು ಮಾಡಿದೆ” ಎಂದು ಬೈದು ಅದರ ಬೆಲೆಯನ್ನು ಕೂಲಿಯಲ್ಲಿ ಹಿಡಿದುಕೊಂಡಿದ್ದರಂತೆ. ಅದನ್ನು ಅವನು ಸಿಟ್ಟಿಲ್ಲದೆ ಹೇಳಿದ.

ಆದರೆ ಆ ಮಾತನ್ನು ನಾನು ಬೇರೆಲ್ಲಿಯೋ ಕೇಳಿದ್ದೆ. ಯಾರು ಆಡಿದ ಮಾತು? ಮೆಟ್ಟಿಲು ಹತ್ತುತ್ತಿರುವಾಗ ಹೊಳೆಯಿತು: ನಾನೇ ಆಡಿದ್ದು.

1989ರಲ್ಲಿ ನಾನು ಒಂಬತ್ತನೆಯ ತರಗತಿಗೆ ಕನ್ನಡ ಹೇಳುತ್ತಿದ್ದೆ. ಮೂರನೆಯ ಬೆಂಚಿನಲ್ಲಿ ಒಬ್ಬ ಎಡಗೈ ಹುಡುಗ. ಬಾಯಲ್ಲಿ ಕೇಳಿದರೆ ಪಾಠವನ್ನೆಲ್ಲ ಹೇಳುತ್ತಿದ್ದ. ಬರೆವಣಿಗೆ ಮಾತ್ರ ಕಾಗದವನ್ನು ಉತ್ತ ಹಾಗೆ. ಶಾಯಿ ಮೆತ್ತಿದ ಅಂಗೈ, ಹರಿದ ಹಾಳೆ. ಒಂದು ದಿನ ಬಿಡುವಿನಲ್ಲಿ ಅವನು ಶಾಲೆಯ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಪೆನ್ನಿನ ನಿಬ್ಬನ್ನು ಓರೆಯಾಗಿ ಹಿಡಿದು ಉಜ್ಜುತ್ತಿದ್ದುದನ್ನು ಕಂಡೆ. “ಹೊಸ ನಿಬ್ಬನ್ನು ಹಾಳು ಮಾಡುತ್ತೀಯಾ? ಅಪ್ಪ ದುಡ್ಡು ಕೊಟ್ಟು ತಂದದ್ದಲ್ಲವೇ?” ಎಂದು ಗದರಿಸಿ, ಅಂಗೈಗೆ ಎರಡೇಟು ಕೊಟ್ಟು ಪೆನ್ನನ್ನು ಕಸಿದುಕೊಂಡೆ. ಬೇರೆ ಪೆನ್ನನ್ನು ನಾನೇ ಕೊಡಿಸಿದೆ. ಅದು ನನ್ನ ಔದಾರ್ಯವೆಂದು ಆಗ ಹೆಮ್ಮೆಪಟ್ಟದ್ದೂ ನೆನಪಿದೆ.

ಬಲಗೈಯವನು ಬರೆಯುವಾಗ ನಿಬ್ಬನ್ನು ಎಡದಿಂದ ಬಲಕ್ಕೆ ಎಳೆಯುತ್ತಾನೆ. ಎಡಗೈಯವನು ಅದೇ ನಿಬ್ಬನ್ನು ತಳ್ಳಬೇಕು. ತಳ್ಳಿದ ನಿಬ್ಬು ಕಾಗದಕ್ಕೆ ಚುಚ್ಚಿಕೊಳ್ಳುತ್ತದೆ. ಅದರ ತುದಿಯನ್ನು ಓರೆಯಾಗಿ ಸವೆಸಿದರೆ ಅದು ಎಡಗೈಗೂ ಜಾರುತ್ತದೆ. ಹಾಗೆ ಓರೆಯಾಗಿಸಿದ ನಿಬ್ಬುಗಳನ್ನು ತಯಾರಿಸಿ ಮಾರುವವರೂ ಇದ್ದಾರೆಂಬುದನ್ನು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದಾಗಲೂ ಆ ಹುಡುಗನ ನೆನಪು ಬರಲಿಲ್ಲವೆಂಬುದೇ ಸೋಜಿಗ. ಹದಿನಾಲ್ಕು ವರ್ಷದ ಆ ಮಗು ಯಾರ ಸಹಾಯವೂ ಇಲ್ಲದೆ ಮೆಟ್ಟಿಲ ಕಲ್ಲಿನ ಮೇಲೆ ಅದನ್ನು ಕಂಡುಹಿಡಿದಿದ್ದ. ಆ ವರ್ಷದ ಪರೀಕ್ಷೆಯಲ್ಲಿ ಅವನು ದೀರ್ಘ ಉತ್ತರಗಳನ್ನೆಲ್ಲ ಅರ್ಧಕ್ಕೆ ನಿಲ್ಲಿಸಿದ್ದ. “ಬರೆವಣಿಗೆಯಲ್ಲಿ ಶ್ರದ್ಧೆ ಸಾಲದು” ಎಂದು ಕೆಂಪು ಶಾಯಿಯಲ್ಲಿ ಬರೆದೆ. ಅವನ ಪೆನ್ನು ನನ್ನ ಮೇಜಿನ ಸೆಳೆಖಾನೆಯಲ್ಲಿಯೇ ಉಳಿಯಿತು. ಎರಡು ವರ್ಷದ ಅನಂತರ ನನಗೆ ವರ್ಗವಾದಾಗ ಸೆಳೆಖಾನೆಯಲ್ಲಿದ್ದ ಸೀಮೆಸುಣ್ಣ, ಸೂಜಿ, ದಾರಗಳ ಜೊತೆಗೆ ಅದನ್ನೂ ಅಲ್ಲಿಯೇ ಬಿಟ್ಟು ಬಂದೆ. ಈಗ ಅವನಿಗೆ ಐವತ್ತರ ಹತ್ತಿರವಿರಬೇಕು. ಎಲ್ಲಿದ್ದಾನೋ, ಯಾವ ಕೈಯಲ್ಲಿ ಬರೆಯುತ್ತಾನೋ.

ಕಟ್ಟಡದ ಕೆಲಸ ಮುಗಿದ ದಿನ ಆ ಯುವಕನನ್ನು ಮನೆಗೆ ಕರೆದು ಕಾಫಿ ಕೊಟ್ಟೆವು. ಕೆಡಿಸಿದ ಚಾನಲ್ಲಿಗೆ ಬದಲಾಗಿ ಹೊಸದೊಂದನ್ನು ತರಿಸಿದ್ದೆ. ಅದನ್ನು ಅವನು ಮೊಣಕಾಲಿಗೂ ಕೊಡದೆ ಬರಿಯ ಎರಡು ಹೆಬ್ಬೆರಳುಗಳಿಂದ ಸ್ವಲ್ಪ ಸ್ವಲ್ಪವಾಗಿ, ಪ್ರತಿ ಸಲವೂ ಕಣ್ಣಿಗೆ ಹಿಡಿದು ನೋಡುತ್ತ ಬಾಗಿಸಿಕೊಟ್ಟ. ಊರಿನಲ್ಲಿ ನಿಮ್ಮ ಮನೆಯ ಕಿಟಕಿಗಳು ಹೇಗಿವೆ ಎಂದು ವಿಚಾರಿಸಿದ. ತಿಪಟೂರಿನ ನಮ್ಮ ಮನೆ ಹಳೆಯದು. ಮರದ ಚೌಕಟ್ಟಿನೊಳಗೆ ಸಾಲು ಸಾಲಾಗಿ ಸಣ್ಣ ಗಾಜುಗಳು, ಇಷ್ಟುದ್ದದ ಚಾನಲ್ಲು ಅಲ್ಲಿ ಹಿಡಿಸುವುದಿಲ್ಲ ಎಂದೆ. ಒಂದೊಂದು ಗಾಜು ಎಷ್ಟು ಅಗಲವೆಂದು ಕೇಳಿದ. ನನಗೆ ತಿಳಿಯದು, ಒಂದು ಗೇಣು, ಮೇಲೆ ಒಂದು ಕಡ್ಡಿಯಷ್ಟು ಇರಬಹುದೆಂದು ಕೈ ಚಾಚಿ ತೋರಿಸಿದೆ. ಅವನು ತನ್ನ ಚೀಲದಿಂದ ತುಂಡು ಚಾನಲ್ಲೊಂದನ್ನು ತೆಗೆದು ನನ್ನ ಚಾಚಿದ ಕೈಗೆ ಹಿಡಿದು ಉಗುರಿನಿಂದ ಗುರುತು ಮಾಡಿದ. ಬಾಲ್ಕನಿಯಲ್ಲಿ ಕುಳಿತು ಕತ್ತರಿಸಿದ. ಎರಡು ಮೂಲೆಗಳನ್ನೂ ಓರೆ ಮಾಡಿ ಅರದಿಂದ ಉಜ್ಜಿದ. ಆ ಸದ್ದನ್ನು ಕೇಳುತ್ತ ನಾನು ಪಕ್ಕದಲ್ಲಿ ನಿಂತಿದ್ದೆ. ಹಣ ಕೊಡಹೋದರೆ ಚಾನಲ್ಲಿನ ಬೆಲೆಯನ್ನಷ್ಟೇ ತೆಗೆದುಕೊಂಡ.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಅಡಿಕೋಲು ಹುಡುಕಿ ಗಾಜನ್ನು ಅಳೆದದ್ದು. ಒಂಬತ್ತು ಕಾಲು ಅಂಗುಲವಿತ್ತು. ಚಾನಲ್ಲನ್ನು ಅಳೆದೆ: ಸರಿಯಾಗಿ ಒಂಬತ್ತು. ಗಾಜನ್ನು ನೆನೆಸಿ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದೆ. ರಬ್ಬರು ಎರಡು ಕಡೆಗೂ ಒಂದೊಂದು ನೂಲು ಚಾಚಿ, ಚೌಕಟ್ಟಿನ ಮರವನ್ನು ಮುಟ್ಟಿಯೂ ಮುಟ್ಟದ ಹಾಗೆ ಕೆಳಗಿಳಿಯಿತು.